ಅರ್ಧ ಗೇಣಿನ ವೇಗ

ಕಂಪ್ಯೂಟರಿನ ಮೆಮೊರಿಯನ್ನು, ಅಂದರೆ ಅಂಗಡಿಯವರು ರ‍್ಯಾಮ್ ಎಂದು ಕೊಡುವ ಬೆರಳುದ್ದದ ಪಟ್ಟಿಯನ್ನು, ಎರಡು ಬಗೆಯಲ್ಲಿ ಹೆಚ್ಚಿಸಬಹುದು: ಗಾತ್ರದಲ್ಲಿ, ಇಲ್ಲವೇ ವೇಗದಲ್ಲಿ. ಗಾತ್ರ ಸಾಲದಿದ್ದರೆ ಯಂತ್ರವೇ ನಿಂತು ತಿಳಿಸುತ್ತದೆ. ವೇಗ ಸಾಲದೆಂಬುದು ಮಾತ್ರ ಊಟವಾದ ಮೇಲೆ, ಯೂಟ್ಯೂಬಿನಲ್ಲಿ ಯಾರೋ ಹೇಳಿದಾಗಲೇ ಹೊಳೆಯುವುದು. ಹೀಗೆ ಹೊಳೆಸಿಕೊಂಡ ಗ್ರಾಹಕರು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಪೇಟೆಗಳಲ್ಲಿದ್ದಾರೆ. ಅಂಥ ಒಬ್ಬನ ನಡವಳಿಕೆಯನ್ನು ಅಭ್ಯಾಸ ಮಾಡಲು ಕ್ಷೌರದ ಕನ್ನಡಿಯೊಂದೇ ಸಾಕಾಗಿದೆ.

ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿರುವ 2400, 3200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಮಾಹಿತಿ ಸಾಗುತ್ತದೆ ಎಂಬುದನ್ನು ಹೇಳುತ್ತವೆ. ಒಂದೊಂದು ಸಲಕ್ಕೂ 8 ಬೈಟ್. ಆ ಲೆಕ್ಕಕ್ಕೆ ಡಿಡಿಆರ್4 ಎಂಬ ಪೀಳಿಗೆಯ 2400ರ ಪಟ್ಟಿ ಸೆಕೆಂಡಿಗೆ 19.2 ಗಿಗಾಬೈಟ್ ಹೊರುತ್ತದೆ, 3200ರದ್ದು 25.6. ಮೂರನೇ ಒಂದು ಪಾಲು ಲಾಭ. ಗ್ರಾಹಕ ಓದುವುದು ಇಲ್ಲಿಯವರೆಗೆ.

ಚಿಕ್ಕಕ್ಷರದಲ್ಲಿ ಸಿಎಲ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಕೇಳಿದ ಮಾಹಿತಿಯ ಮೊದಲ ತುಣುಕು ಬರುವವರೆಗೆ ಎಷ್ಟು ಕಾಯಬೇಕು ಎಂಬುದು ಅದರಿಂದ ತಿಳಿಯುತ್ತದೆ. ಅದನ್ನು 2000ದಿಂದ ಗುಣಿಸಿ ದಪ್ಪಕ್ಷರದ ಅಂಕಿಯಿಂದ ಭಾಗಿಸಿದರೆ ನ್ಯಾನೊಸೆಕೆಂಡು ಸಿಗುತ್ತದೆ. ಹಳೆಯ ಡಿಡಿಆರ್3, 1600, ಸಿಎಲ್ 11: 13.75 ನ್ಯಾನೊಸೆಕೆಂಡು. ಆಮೇಲೆ ಬಂದ ಡಿಡಿಆರ್4, 3200, ಸಿಎಲ್ 22: ಅದೇ 13.75. ವೇಗ ಇಮ್ಮಡಿಯಾದರೂ ಕಾಯುವ ಹೊತ್ತು ಕದಲಲಿಲ್ಲ. ರಾಷ್ಟ್ರೀಯ ಹೆದ್ದಾರಿ 66 ಅಗಲವಾದರೆ ಭಟ್ಕಳದಿಂದ ಹೆಚ್ಚು ಲಾರಿಗಳು ಒಟ್ಟಿಗೆ ಹೊರಡಬಹುದು. ಆದರೆ ಮೊದಲ ಲಾರಿ ಶರಾವತಿ ದಾಟಿ ಕುಮಟಾ ಮುಟ್ಟದೆ ಅಲ್ಲಿ ಯಾರ ಸರಕೂ ಇಳಿಯುವುದಿಲ್ಲ.

ಲ್ಯಾಪ್‌ಟಾಪಿನ 2400, ಸಿಎಲ್ 17ರ ಪಟ್ಟಿಯನ್ನು ತೆಗೆದು 3200, ಸಿಎಲ್ 22ರದ್ದನ್ನು ಹಾಕುವುದು ಸಾಮಾನ್ಯ ಪದ್ಧತಿ. ಇದರಿಂದ ಕಾಯುವ ಹೊತ್ತಿನಲ್ಲಿ ಉಳಿಯುವುದು 0.42 ನ್ಯಾನೊಸೆಕೆಂಡು. ಅಷ್ಟರಲ್ಲಿ ಬೆಳಕು ಸುಮಾರು ಹನ್ನೆರಡೂವರೆ ಸೆಂಟಿಮೀಟರು, ಅಂದರೆ ಅರ್ಧ ಗೇಣು ಚಿಲ್ಲರೆ, ಚಲಿಸುತ್ತದೆ.

ಈ ಅರ್ಧ ಗೇಣನ್ನು ಅಳೆಯುವ ವಿಧಿ ಮನೆಗಳಲ್ಲಿ ಹೀಗೆ ನಡೆಯುತ್ತದೆ. ಮಳೆ ಬಿಟ್ಟ ಹೊತ್ತು ನೋಡಿ ಮೇಜು ಒರೆಸಲಾಗುತ್ತದೆ. ತಿರುಪುಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಫಿ ಬಟ್ಟಲಿನ ಬಸಿಯಲ್ಲಿ ಇಡಲಾಗುತ್ತದೆ, ಬಸಿಯನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ, ತಿರುಪುಗಳು ಬಚ್ಚಲಿನ ಹತ್ತಿರ ಸಿಗುತ್ತವೆ. ಮೊಬೈಲಿನ ಸ್ಟಾಪ್‌ವಾಚು ಹೆಂಡತಿಯ ಕೈಗೆ ಬರುತ್ತದೆ. ‘ಒಂದು, ಎರಡು, ಮೂರು’ ಎಂದ ಮೇಲೆ ಗುಂಡಿ ಒತ್ತಬೇಕೋ, ‘ಮೂರು’ ಎನ್ನುವಾಗಲೋ ಎಂಬ ಬಗ್ಗೆ ಚರ್ಚೆಯಾಗುತ್ತದೆ. ಒತ್ತುವ ಬೆರಳು ಎಚ್ಚರಗೊಳ್ಳಲು ಸೆಕೆಂಡಿನ ಐದನೇ ಒಂದು ಭಾಗ, ಅಂದರೆ ಇಪ್ಪತ್ತು ಕೋಟಿ ನ್ಯಾನೊಸೆಕೆಂಡು ಹಿಡಿಯುತ್ತದೆ. ಅಳೆಯಬೇಕಾದದ್ದು ಅರ್ಧ ನ್ಯಾನೊಸೆಕೆಂಡೂ ಇಲ್ಲ. ಗುಂಡಿ ಒತ್ತಲಾಗುತ್ತದೆ. ಹೊಸ ಪಟ್ಟಿಯನ್ನು ಮೊದಲ ಸಲ ಕಂಡ ಯಂತ್ರ ಅದನ್ನು ಪರೀಕ್ಷಿಸಿಕೊಳ್ಳುತ್ತ ಎಂದಿಗಿಂತ ಹೆಚ್ಚು ಹೊತ್ತು ಕಪ್ಪಗೆ ಕೂರುತ್ತದೆ. ‘ಮೊದ್ಲೇ ಚೊಲೊ ಇತ್ತು’ ಎಂಬ ತೀರ್ಪು ಬರುತ್ತದೆ. ಗ್ರಾಹಕ ಒಪ್ಪುವುದಿಲ್ಲ, ಪರೀಕ್ಷೆಯನ್ನು ಮತ್ತೆ ಮಾಡಿಸುತ್ತಾನೆ, ತನಗೆ ಹಿತವಾದ ಅಂಕಿ ಬಂದ ಕೂಡಲೇ ಅದು ಮುಗಿಯಿತೆಂದು ಘೋಷಿಸುತ್ತಾನೆ.

ಹಲವು ಯಂತ್ರಗಳಲ್ಲಿ ಆ ಅರ್ಧ ಗೇಣೂ ದಕ್ಕುವುದಿಲ್ಲ. ಇಂಟೆಲ್‌ನ ಐ5-8250ಯು ಪ್ರೊಸೆಸರ್ ಡಿಡಿಆರ್4ನ್ನು 2400ರವರೆಗೆ ಮಾತ್ರ ಓಡಿಸುತ್ತದೆ. ಅದಕ್ಕೆ 3200ರ ಪಟ್ಟಿ ಕೊಟ್ಟರೆ ಅದೂ 2400ರಲ್ಲೇ ಹೆಜ್ಜೆ ಹಾಕುತ್ತದೆ. ನಿಧಾನದ ಪಟ್ಟಿಯ ಪಕ್ಕ ವೇಗದ್ದನ್ನು ಕೂರಿಸಿದರೆ ಎರಡೂ ನಿಧಾನದ್ದರ ತಾಳಕ್ಕೇ ಕುಣಿಯುತ್ತವೆ. ಇದನ್ನು ಮೊದಲೇ ಹೇಳಬೇಕಾದ ಮಾರಾಟಗಾರರು ಬಣ್ಣದ ದೀಪ ಮಿನುಗುವ ಪಟ್ಟಿಗಳ ಗುಣಗಾನದಲ್ಲಿರುತ್ತಾರೆ. ಮೆಮೊರಿಗೆ ದೀಪ ಯಾಕೆ ಬೇಕೆಂದು ಕೇಳುವವರನ್ನು ಅವರು ಹಿಂದುಳಿದವರೆಂದು ಬಗೆಯುತ್ತಾರೆ.

ಲಾಭ ಇರುವ ಕಡೆಗಳೂ ಇವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಬಿಡಿಸುವ ಕೆಲಸವೂ ಇದೇ ಮೆಮೊರಿಯ ಹೆಗಲ ಮೇಲಿರುವುದರಿಂದ ಆಟಗಳಲ್ಲಿ ವೇಗದ ಫಲ ಕಣ್ಣಿಗೆ ಕಾಣುತ್ತದೆ. ಆದರೆ ಅಲ್ಲಿಯೂ 3200ರ ಒಂದು ಪಟ್ಟಿ 25.6 ಗಿಗಾಬೈಟ್ ಹೊತ್ತರೆ, 2400ರ ಎರಡು ಪಟ್ಟಿಗಳು ಜೋಡಿಯಾಗಿ 38.4 ಹೊರುತ್ತವೆ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಿಗೆ ವೇಗಕ್ಕಿಂತ ಮೊದಲು ಬೇಕಾದದ್ದು ಗಾತ್ರ.

ಗಾತ್ರದ ಪ್ರಶ್ನೆ ತಮಾಷೆಯದಲ್ಲ. 4 ಜಿಬಿ ಮೆಮೊರಿ ತುಂಬಿದ ಮೇಲೆ ಯಂತ್ರ ಉಳಿದದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ಇಡುತ್ತದೆ, ಅಲ್ಲಿ ಒಂದು ತುಣುಕು ಹುಡುಕಲು ಸುಮಾರು ಒಂದು ಕೋಟಿ ನ್ಯಾನೊಸೆಕೆಂಡು ಬೇಕು. ಝೆರಾಕ್ಸ್ ಅಂಗಡಿಗಳಲ್ಲಿ ಇಂಥ ಯಂತ್ರಗಳ ಮುಂದೆ ಜೂನ್ ತಿಂಗಳ ಮಳೆಯಲ್ಲಿ ಕಾಲೇಜಿಗೆ ಅರ್ಜಿ ಹಾಕುವ ಮಕ್ಕಳು ನಿಂತಿರುತ್ತಾರೆ. ಕೊನೆಯ ದಿನ ಪುಟ ತೆರೆಯದೆ ಹೋದರೆ ಒಂದು ವರ್ಷ ಕೈತಪ್ಪಬಹುದು. ಅಲ್ಲಿ ಇನ್ನೊಂದು 4 ಜಿಬಿ ಮತ್ತು ಹಾರ್ಡ್‌ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಮಾಡುವ ಉಪಕಾರವನ್ನು ಯಾವ 3200ರ ಅಂಕಿಯೂ ಮಾಡದು. ಸರ್ವರ್ ಡೌನ್ ಆಗಿದ್ದರೆ ಮಾತ್ರ ಯಾವ ಪಟ್ಟಿಯಿಂದಲೂ ಪ್ರಯೋಜನವಿಲ್ಲ.

2025ರ ಕೊನೆಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಗತ್ತಿನೆಲ್ಲೆಡೆ ಜಿಗಿಯಿತು. ಆದ್ದರಿಂದ ಕೊಳ್ಳುವವರು ಮೊದಲು ಹಳೆಯ ಪಟ್ಟಿಯನ್ನು ಹೊರತೆಗೆದು, ಉಪ್ಪುಗಾಳಿಗೆ ಕೊಳೆ ಕೂತ ಅದರ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿ ನೋಡಬೇಕು. ಯಂತ್ರ ಮರೆತಿದ್ದ ಪಟ್ಟಿ ಎಷ್ಟೋ ಸಲ ಅಷ್ಟಕ್ಕೇ ನೆನಪಾಗುತ್ತದೆ. ಆಮೇಲೆ ಗಾತ್ರ, ಆಮೇಲೆ ಜೋಡಿ, ಆಮೇಲೆ ಎಸ್‌ಎಸ್‌ಡಿ. ಇವೆಲ್ಲ ಆಗಿಯೂ ಹಣ ಉಳಿದಿದ್ದರೆ ವೇಗ ಕೊಳ್ಳಬಹುದು. ಹೆಂಡತಿಯ ಕೈಗೆ ಸ್ಟಾಪ್‌ವಾಚು ಕೊಡಬಾರದು.