ಬದಿಯಲ್ಲಿ ನಿಂತವರ ಕಾನ್ಫಿಡೆನ್ಸ್

ಆಟಗಾರನಿಗೆ ಮನೋಬಲ ಬೇಕು ಅಂತ ಈಗ ಎಲ್ಲರಿಗೂ ಗೊತ್ತುಂಟು. ಆದರೆ ಅದರ ದೊಡ್ಡ ದಾಸ್ತಾನು ಇರುವುದು ಓಡುವವರ ಹತ್ತಿರ ಅಲ್ಲ ಮಾರಾಯ್ರೆ, ಬದಿಯಲ್ಲಿ ನಿಂತವರ ಹತ್ತಿರ. ಬೇಕಾದರೆ ಕ್ರೀಡಾಕೂಟದ ದಿನ ಮೂಡುಬಿದಿರೆಯ ಸ್ವರಾಜ್ಯ ಮೈದಾನಕ್ಕೆ ಹೋಗಿ ನೋಡಿ. ಟ್ರ್ಯಾಕಿನಲ್ಲಿ ಹುಡುಗಿ ಸುಮ್ಮನೆ ಶೂ ಲೇಸು ಕಟ್ಟುತ್ತಿರುತ್ತಾಳೆ. ಬೇಲಿಯಾಚೆ ಅಪ್ಪ, "ಹೆದರ್ಬೇಡ, ಟೆನ್ಶನ್ ಮಾಡ್ಬೇಡ, ನೀನೇ ಫಸ್ಟು!" ಎಂದು ಬೊಬ್ಬೆ ಹೊಡೆಯುತ್ತಿರುತ್ತಾರೆ. ಅಲ್ಲಿಯವರೆಗೆ ಇಲ್ಲದ ಟೆನ್ಶನ್ ಆ ಬೊಬ್ಬೆಯಲ್ಲೇ ಸವಾರಿ ಮಾಡಿಕೊಂಡು ಮಗಳನ್ನು ತಲುಪುತ್ತದೆ.

ಕೋಣಗಳ ಹತ್ತಿರ ಈ ಭಾಷಣ ನಡೆಯುವುದಿಲ್ಲ. ಕಂಬಳದ ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ, ನಡುರಾತ್ರಿ ಮೂರು ಗಂಟೆಗೆ ಮೈಯೆಲ್ಲ ಒದ್ದೆಯಾಗಿ ನಿಂತವನಿಗೆ ಮೊದಲ ಪರೀಕ್ಷೆ ಓಡುವುದಲ್ಲ, ಕಾಯುವುದು. ಪಕ್ಕದ ಕರೆಯ, ಅಂದರೆ ಓಟದ ಗದ್ದೆಯ, ಜೋಡಿ ನೇರ ನಿಲ್ಲಬೇಕು, ತನ್ನ ಜೋಡಿ ನಿಲ್ಲಬೇಕು. ಮೈಕಿನವರು ಬಿಡಿ ಬಿಡಿ ಎಂದು ಗೋಗರೆದರೂ ಕೋಣಕ್ಕೆ ಮನಸ್ಸು ಬರಬೇಕು. ಓಡಿಸುವವನ ಕೈ ನಡುಗಿದರೆ ಹಗ್ಗದಲ್ಲೇ ಕೋಣಕ್ಕೆ ಗೊತ್ತಾಗುತ್ತದೆ ಎನ್ನುವ ಹಿರಿಯರುಂಟು. ಹೌದಾ ಅಂತ ಕೋಣವನ್ನು ಕೇಳಿದವರು ಯಾರೂ ಇಲ್ಲ.

ಮೂಡುಬಿದಿರೆ ಬದಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ನೆನಪಿರಬಹುದು. ಯಾರೋ ಕ್ಯಾಲ್ಕುಲೇಟರ್ ತೆಗೆದರು. 100 ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮುಗಿಯಿತಲ್ಲ ಕಥೆ! ಬಿ.ಸಿ.ರೋಡಿನ ಹೋಟೆಲುಗಳಲ್ಲಿ ಬನ್ಸ್ ತಿನ್ನುತ್ತಲೇ ಒಲಿಂಪಿಕ್ಸ್ ತಂಡದ ಆಯ್ಕೆ ಮುಗಿದುಹೋಯಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರೇ ಟ್ರಯಲ್ಸ್‌ಗೆ ಕರೆದರು.

ಗೌಡರು ಒಲ್ಲೆ ಎಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ. ಮೇಲಾಗಿ ಆ ವೇಗದಲ್ಲಿ ಕೋಣಗಳಿಗೂ ಪಾಲುಂಟು ಎಂಬುದು ಅವರ ಲೆಕ್ಕ. ಕೇಳಿದವರಿಗೆ ನಿರಾಸೆ. ಕೆಲವರು ಹುಡುಗನಿಗೆ ಆತ್ಮವಿಶ್ವಾಸ ಸಾಲದು ಅಂತ ತೀರ್ಪನ್ನೂ ಕೊಟ್ಟರು, ಕುರ್ಚಿಯಿಂದ ಏಳದೆ. ನನಗೇನೋ ಐಕಳದ ಓಟಕ್ಕಿಂತ ಆ 'ಒಲ್ಲೆ'ಯೇ ಗಟ್ಟಿ ಅನಿಸುತ್ತದೆ. ಊರಿಗೆ ಊರೇ ಅಟ್ಟಕ್ಕೆ ಹತ್ತಿಸುವಾಗ ನೆಲದ ಮೇಲೆ ನಿಲ್ಲಲು ಎಂಥ ಕಾಲು ಬೇಕು, ಯೋಚನೆ ಮಾಡಿ.

ಅಷ್ಟರಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 9.51ರ ಲೆಕ್ಕಕ್ಕೆ ಓಡಿ, ಬೋಲ್ಟನ್ನೂ ಗೌಡರನ್ನೂ ಒಟ್ಟಿಗೆ ಹಿಂದೆ ಹಾಕಿದರು. ಐಕಳದ ದಾಖಲೆಗೆ ಆಗ ತಿಂಗಳೂ ತುಂಬಿರಲಿಲ್ಲ. ಹೋಟೆಲಿನವರು ಹೀರೋವನ್ನು ಬದಲಾಯಿಸಿಕೊಂಡರು. ಗೌಡರು ಏನು ಮಾಡಿದರು? ಕೆಸರಿಗೆ ವಾಪಸು ಹೋದರು, ಅಷ್ಟೆ. 2021ರ ಮಾರ್ಚಿನಲ್ಲಿ ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ 125 ಮೀಟರಿಗೆ 11.21 ಸೆಕೆಂಡು. ಕ್ಯಾಲ್ಕುಲೇಟರಿನವರಿಗೆ ಮತ್ತೆ ಹಬ್ಬ: 8.96!

ಮನೋಬಲಕ್ಕೆಂದು ಮಾಡಿಸುವ ಶಿಬಿರ, ಧ್ಯಾನ, ಉಸಿರಾಟ ಎಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಚಿನ್ನಕ್ಕೆ ಮೊದಲು ಶೂಟರ್ ಅಭಿನವ್ ಬಿಂದ್ರಾ ಹೆದರಿಕೆ ಬಿಡಿಸಿಕೊಳ್ಳಲಿಕ್ಕೆ ಮ್ಯೂನಿಕ್‌ನಲ್ಲಿ ನಲವತ್ತಡಿಯ ಕಂಬ ಹತ್ತಿದ್ದರಂತೆ. ನಡುವೆ ಕೈಕಾಲು ನಡುಗಿದರೂ ತುದಿ ಮುಟ್ಟಿಯೇ ಇಳಿದರಂತೆ. ಇದನ್ನು ಓದಿ ನಮ್ಮ ಬಂಟ್ವಾಳದ ಅಡಿಕೆ ತೆಗೆಯುವವರಿಗೆ ಹೇಳಿ ನೋಡಿ. ಅವರು ಹತ್ತುವುದಲ್ಲದೆ, ತುದಿಯಲ್ಲಿ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟಿಬಿಡುತ್ತಾರೆ. ಪದಕ ಬಿಡಿ, ಕೆಳಗೆ ನಿಂತ ಧಣಿ ಮಜೂರಿಗೆ ಚೌಕಾಶಿ ಮಾಡುತ್ತಿರುತ್ತಾರೆ. ಈಗ ಹತ್ತುವವರೇ ಸಿಗದೆ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಇನ್ನು ಆ ಧೈರ್ಯ ಕಲಿಯಲಿಕ್ಕೆ ನಮ್ಮ ಮಕ್ಕಳೂ ಮ್ಯೂನಿಕ್‌ಗೇ ಹೋಗಬೇಕೋ ಏನೋ. ಹೋದರೆ ಫೀಸು ಕಟ್ಟಲು ಆ ಬೇಲಿಯಾಚೆಯ ಅಪ್ಪ ತಯಾರಿದ್ದಾರೆ.