ಗೋಪುರದ ಬುಡದಲ್ಲಿ ನಿಂತು ಸಹಿ ಹಾಕುವ ಸಾಹೇಬರಿಗೆ

ಮಾನ್ಯ ತಪಾಸಣೆ ಸಾಹೇಬರೇ,

ನಾನು ಸುಳ್ಯ ತಾಲ್ಲೂಕಿನ ಒಂದು ಮೂಲೆಯಲ್ಲಿ ನಾಲ್ಕು ದನ, ಎರಡೆಕರೆ ಅಡಿಕೆ ತೋಟ ಇಟ್ಟುಕೊಂಡು ಬದುಕುವವ. ನಿಮ್ಮ ವಿಷಯ ಗೊತ್ತಾದದ್ದು ತಂಗಿಯ ಮಗನಿಂದ. ಅವ ಬೇರೆ ರಾಜ್ಯದ ಒಂದು ಹಾಲಿನ ಪುಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಯಾವುದು ಎಂದು ಕೇಳಬೇಡಿ, ಅವನ ಸಂಬಳದ ಪ್ರಶ್ನೆ. ಕಳೆದ ವರ್ಷ ನೀವು ಅಲ್ಲಿ ಹಾಲು ಒಣಗಿಸುವ ಗೋಪುರದ, ಅಂದರೆ ಡ್ರೈಯರಿನ, ಪರೀಕ್ಷೆಗೆ ಬಂದವರು ಅದರ ಬುಡದಲ್ಲಿ ನಿಂತು, ತಲೆಯ ಟೊಪ್ಪಿ ಬೀಳದ ಹಾಗೆ ಹಿಡಿದುಕೊಂಡು ಒಮ್ಮೆ ಮೇಲೆ ನೋಡಿದಿರಂತೆ. ನಲವತ್ತು ನಿಮಿಷದಲ್ಲಿ ಎಲ್ಲ ಕಾಲಂಗಳಿಗೂ ‘ಸರಿ ಇದೆ’ ಎಂದು ಬರೆದು ಊಟಕ್ಕೆ ಎದ್ದಿರಂತೆ. ಊಟ ಒಂದೂಕಾಲು ಗಂಟೆ ನಡೆಯಿತಂತೆ. ನಿಮ್ಮನ್ನು ಅಭಿನಂದಿಸದೆ ಇರಲು ಮನಸ್ಸು ಒಪ್ಪಲಿಲ್ಲ.

ಯಾಕೆಂದರೆ ನಮ್ಮಲ್ಲಿ ಅಷ್ಟು ಬೇಗ ಯಾವುದೂ ಪಾಸಾಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ಕ್ಯಾನ್ ಹಿಡಿದು ನಿಂತರೆ ನನ್ನ ಆರು ಲೀಟರ್ ಹಾಲಿಗೆ ಮೊದಲು ಮೂಗಿನ ಪರೀಕ್ಷೆ, ಆಮೇಲೆ ಲ್ಯಾಕ್ಟೋಮೀಟರಿನ ಪರೀಕ್ಷೆ, ಆಮೇಲೆ ಫ್ಯಾಟ್ ಮೆಷಿನ್ನಿನ ಪರೀಕ್ಷೆ. ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ) 8.5 ಇರಬೇಕಾದಲ್ಲಿ 8.3 ತೋರಿಸಿತೋ, ಸೆಕ್ರೆಟರಿಯವರು ಕನ್ನಡಕದ ಮೇಲಿಂದ ನೋಡುತ್ತಾರೆ. “ಎಂತ ಗೌಡ್ರೇ, ನಿನ್ನೆ ನಿಮ್ಮಲ್ಲಿ ಮಳೆ ಜೋರಾ?” ಹಾಲಿಗೆ ನೀರು ಬೆರೆಸಿದ್ದೀರಿ ಎಂಬುದನ್ನು ಮರ್ಯಾದೆಯಲ್ಲಿ ಹೇಳುವ ಕ್ರಮ ಇದು. ವರ್ಷದ 365 ದಿನ, ದಿನಕ್ಕೆ ಎರಡು ಸಲ ಈ ಪರೀಕ್ಷೆ ನಡೆಯುತ್ತದೆ. ನನ್ನ ದನಗಳಿಗೆ ಇಷ್ಟು ವರ್ಷದಲ್ಲಿ ಒಂದು ಊಟದ ವ್ಯವಸ್ಥೆಯೂ ಆದದ್ದಿಲ್ಲ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕಿನಲ್ಲಿ ಹಾಲಿನ ಪುಡಿಯ ಗೋಪುರ ಇಲ್ಲ, ಮತ್ತೆ ಈತನಿಗೆ ಯಾಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಗೋಪುರ ಇಲ್ಲ, ಪುಡಿ ಉಂಟು. 2013ರ ಆಗಸ್ಟ್ 1ರಂದು ಶಾಲೆಯ ಮಕ್ಕಳಿಗೆ ಹಾಲು ಕೊಡುವ ಸರಕಾರದ ಕ್ಷೀರಭಾಗ್ಯ ಶುರುವಾದ ಮೇಲೆ ನಮ್ಮ ಶಾಲೆಗಳಿಗೆ ಬರುವುದು ಪುಡಿಯೇ: ತಲಾ 18 ಗ್ರಾಂ ಪುಡಿ, ಕರಡಿದರೆ 150 ಮಿಲಿ ಹಾಲು. ಲೆಕ್ಕ ಹಾಕಿ ನೋಡಿ, ನೂರಕ್ಕೆ ಹನ್ನೆರಡು. ನನ್ನ ದನದ ಹಾಲಿನಲ್ಲಿ ನೀರು ಬಿಟ್ಟು ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ನನ್ನ ಮೊಮ್ಮಗಳು ಬೆಳಿಗ್ಗೆ ಹಟ್ಟಿಯಲ್ಲಿ ಕರು ಹಿಡಿದು ನಿಂತು, ಆ ಹಾಲು ಡೈರಿಗೆ ಹೋದ ಮೇಲೆ, ಶಾಲೆಯಲ್ಲಿ ಯಾವುದೋ ಊರಿನ ದನದ ಹಾಲನ್ನು ಪುಡಿಯ ರೂಪದಲ್ಲಿ ಕುಡಿಯುತ್ತಾಳೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಕ್ಯಾಂಪ್ಕೋದ ಚಾಕಲೇಟ್ ಫ್ಯಾಕ್ಟರಿ ಉಂಟು. ಹಾಲಿನ ಚಾಕಲೇಟ್ ಅಂದರೆ ಅಲ್ಲೂ ಪುಡಿಯೇ, ದ್ರವದ ಹಾಲು ಹೊಯ್ದರೆ ಚಾಕಲೇಟ್ ಕೆಡುತ್ತದೆ. ಅಂದ ಮೇಲೆ ಗೋಪುರ ಎಲ್ಲಿದ್ದರೂ ಅದರ ಬಾಯಿ ನಮ್ಮ ಕಡೆಗೇ.

ಇನ್ನು ಒಣಗಿಸುವ ವಿದ್ಯೆಯಲ್ಲಿ ನಾವೂ ಅಷ್ಟೇನೂ ದಡ್ಡರಲ್ಲ. ಈ ಮಳೆಯ ಸೀಮೆಯಲ್ಲಿ ಅಡಿಕೆ, ಕೊಕ್ಕೋ, ರಬ್ಬರ್ ಶೀಟು ಎಲ್ಲವನ್ನೂ ಒಣಗಿಸಿಯೇ ಉಣ್ಣುವವರು. ಹಣ್ಣಡಿಕೆ ಅಂಗಳದಲ್ಲಿ ನಲವತ್ತು ಚಿಲ್ಲರೆ ದಿನ ಬಿಸಿಲು ಕಾಯಬೇಕು. ಒಣಗಿತೋ ಎಂದು ನೋಡಲು ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇವೆ. ಒಳಗೆ ಗಲಗಲ ಎಂದರೆ ಆಯಿತು. ಅಷ್ಟಕ್ಕೇ ನಂಬದೆ ಅಡಕತ್ತರಿಯಲ್ಲಿ ಸೀಳಿಯೂ ನೋಡುತ್ತೇವೆ. ಹೊರಗೆ ಮೈ ಹೊಳೆಯುವ ಅಡಿಕೆಯ ಹೊಟ್ಟೆಯಲ್ಲಿ ಬೂಸ್ಟು ಇರುವುದು ಹೊಸತಲ್ಲ. ಅಂಗಡಿಗೆ ಒಯ್ದರೆ ಅವರು ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಗುಡ್ಡೆ ಮಾಡಿ, ಒಂದೊಂದು ಗುಡ್ಡೆಗೂ ನಮ್ಮ ಮುಖ ನೋಡುತ್ತಾರೆ.

ನಿಮ್ಮಲ್ಲೂ ಅಂಥ ಗುಡ್ಡೆ ಉಂಟಂತೆ. ಹಾಲನ್ನು ಮೊದಲು ನಿರ್ವಾತದಲ್ಲಿ ಕುದಿಸಿ ಅರ್ಧದಷ್ಟು ಗಟ್ಟಿ ಮಾಡಿ, ಗೋಪುರದ ನೆತ್ತಿಯಿಂದ ಮಂಜಿನ ಹಾಗೆ ಸಿಂಪಡಿಸುತ್ತಾರೆ. ಜೊತೆಗೇ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗಾಳಿ. ಹನಿ ತನ್ನ ನೀರನ್ನು ಬೆವರಿದ ಹಾಗೆ ಬಿಟ್ಟುಕೊಡುತ್ತಾ ಬರುವುದರಿಂದ ತಾನು ಮಾತ್ರ ಅಷ್ಟು ಕಾಯುವುದಿಲ್ಲ, ಕೆಳಗೆ ಬರುವಾಗ ಪುಡಿ. ಆದರೆ ಎಲ್ಲೋ ಮೂಲೆಯಲ್ಲಿ ಅಂಟಿಕೊಂಡ ಪುಡಿ ಅಲ್ಲೇ ಸುಟ್ಟು ಕಂದಾಗಿ ಉದುರುತ್ತದೆ. ಅದಕ್ಕೆ 25 ಗ್ರಾಂ ಪುಡಿ ಕರಡಿ, ಬಿಳಿ ಬಿಲ್ಲೆಯ ಮೇಲೆ ಸೋಸಿ, ಉಳಿದ ಕಪ್ಪುಚುಕ್ಕೆಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ಚಿತ್ರಗಳಿಗೆ ಹೋಲಿಸುತ್ತಾರಂತೆ. ‘ಎ’ ಅಂದರೆ ನಮ್ಮ ಒಂದನೇ ನಂಬ್ರ ಚಾಲಿ ಅಡಿಕೆ. ‘ಡಿ’ ಅಂದರೆ ಕರಿಗೋಟು. ತಂಗಿಯ ಮಗ ಇದನ್ನು ಹೇಳಿದಾಗ ನನಗೆ ಎಷ್ಟೋ ಸಮಾಧಾನವಾಯಿತು. ಒಂದು ವ್ಯತ್ಯಾಸ ಮಾತ್ರ: ಕರಿಗೋಟು ಬಂದರೆ ನಾವು ಅಂಗಳವನ್ನೇ ಬೈಯುತ್ತೇವೆ, ನೀವು ಆ ಚೀಲವನ್ನು ಬದಿಗಿಟ್ಟು ಗೋಪುರಕ್ಕೆ ‘ಸರಿ ಇದೆ’ ಕೊಡುತ್ತೀರಿ.

ಗೋಪುರದೊಳಗೆ ಸಿಂಪಡಿಸುವ ನಾಜಲ್ಲಿಗೆ ಗಡ್ಡ ಬೆಳೆಯುತ್ತದೆ ಎಂದ ಹುಡುಗ. ನಾನು ನಕ್ಕೆ. “ನಗೆ ಅಲ್ಲ ಮಾವ” ಎಂದ. ಬಾಯಿಯ ಸುತ್ತ ಪುಡಿ ಕಟ್ಟಿ ಕಟ್ಟಿ ಗಡ್ಡದ ಹಾಗೆ ಇಳಿಯುತ್ತದೆ, ಬಿಸಿಗೆ ಒಳಗೊಳಗೇ ಕೆಂಡವಾಗುತ್ತದೆ, ತುಂಡಾಗಿ ಬಿದ್ದರೆ ಕೆಳಗೆ ಪುಡಿಯ ಮೋಡ. ಹಾಲಿನ ಪುಡಿ ಗಾಳಿಯಲ್ಲಿ ಹದವಾಗಿ ತೇಲುತ್ತಿದ್ದರೆ ಸಿಡಿಮದ್ದಿಗೆ ಕಡಿಮೆಯಲ್ಲ. ಅದಕ್ಕೇ ಗೋಪುರದ ಮೈಗೆ ಒಡೆದುಕೊಳ್ಳುವ ಕಿಟಕಿಗಳು, ಹೊಗೆಯ ಸುಳಿವು ಸಿಗುವ ಮೊದಲೇ ಕಾರ್ಬನ್ ಮಾನಾಕ್ಸೈಡನ್ನು ಮೂಸುವ ಯಂತ್ರ, ಮೇಲಿಂದ ನೀರು ಸುರಿಯುವ ಏರ್ಪಾಡು. ಇವೆಲ್ಲ ನಿಜಕ್ಕೂ ಕೆಲಸ ಮಾಡುತ್ತವೋ ಎಂದು ನೋಡುವುದು ನಿಮ್ಮ ಪಟ್ಟಿಯಲ್ಲೇ ಇತ್ತಂತೆ. ನೀವು ಆ ಕಾಲಂ ಮೇಲೆ ಪೆನ್ನು ಓಡಿಸಿದ ವೇಗವನ್ನು ಅವ ಇನ್ನೂ ನೆನೆಯುತ್ತಾನೆ. ನಮ್ಮ ನೆರೆಮನೆಯ ರಬ್ಬರ್ ಹೊಗೆಗೂಡು ಹತ್ತಿ ಉರಿದ ರಾತ್ರಿ ಬಾವಿಯ ಪಂಪು ಇತ್ತು, ಪೈಪು ಇತ್ತು, ಪೈಪಿನ ಒಳಗೆ ಇಲಿ ಗೂಡೂ ಇತ್ತು. ಎಲ್ಲ ‘ಇದೆ’ ಎಂಬುದೇ ನಿಜ.

ಇಷ್ಟೆಲ್ಲ ಇದ್ದರೂ ಅಸಲು ಸಂಗತಿ ಕಣ್ಣಿಗೆ ಬೀಳದ್ದು. ಉಕ್ಕಿನ ಒಳಗೋಡೆ, ಅದರ ಹಿಂದೆ ಶಾಖ ಹೋಗದ ಹಾಗೆ ಉಣ್ಣೆಯಂಥ ಹೊದಿಕೆ, ಅದರಾಚೆ ಹೊರಕವಚ. ಗೋಡೆಗೆ ಅಂಟಿದ ಪುಡಿ ಉದುರಲಿ ಎಂದು ಸುತ್ತಿಗೆಗಳು ಹೊರಗಿಂದ ಸದಾ ತಟ್ಟುತ್ತಲೇ ಇರುತ್ತವೆ. ಕಾದ ಗೋಡೆಗೆ ತೊಳೆಯುವ ನೀರು ಬಿದ್ದರೆ ಇನ್ನೊಂದು ಪೆಟ್ಟು. ವರ್ಷಗಟ್ಟಲೆ ಹೀಗೆ ತಟ್ಟಿಸಿಕೊಂಡ ಬೆಸುಗೆಯಲ್ಲಿ ಕೂದಲಷ್ಟು ತೆಳುವಾದ ಬಿರುಕು ಬಂತು ಎನ್ನಿ. ತೊಳೆದ ನೀರು, ಪುಡಿ ಎರಡೂ ಅದರೊಳಗೆ ಇಳಿದು ಹೊದಿಕೆಯಲ್ಲಿ ಕೂರುತ್ತವೆ. ಬೆಚ್ಚಗೆ, ತೇವವಾಗಿ, ಊಟ ಸಮೇತ. ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಗೆಸ್ಟ್ ಹೌಸ್ ನೀವೂ ಕಂಡಿರಲಿಕ್ಕಿಲ್ಲ.

1985ರಲ್ಲಿ ಬ್ರಿಟನ್ನಿನಲ್ಲಿ ಫಾರ್ಲೀಸ್ ಕಂಪನಿಯ ಶಿಶುಗಳ ಹಾಲಿನ ಪುಡಿಯಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ತಗುಲಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಡ್ರೈಯರಿನ ಒಳಗೋಡೆಯಲ್ಲೊಂದು ತೂತು. ಫ್ರಾನ್ಸಿನ ಕ್ರಾಂ ಎಂಬಲ್ಲಿ ಲ್ಯಾಕ್ಟಾಲಿಸ್ ಕಂಪನಿಯ ಕಾರ್ಖಾನೆಯಿಂದ 2017ರಲ್ಲಿ ಹೊರಟ ಶಿಶು ಆಹಾರದಲ್ಲೂ ಸಾಲ್ಮೊನೆಲ್ಲಾ. 2005ರಲ್ಲಿ ಅದೇ ಕಾರ್ಖಾನೆಯಲ್ಲಿ ಕಾಣಿಸಿದ್ದ ತಳಿಯೇ ಇದು ಎಂದು ಪ್ಯಾಸ್ಟರ್ ಸಂಸ್ಥೆಯವರು ಹೇಳಿದರು. ಹನ್ನೆರಡು ವರ್ಷ! ಅಷ್ಟರಲ್ಲಿ ಆ ಕಾರ್ಖಾನೆಗೆ ಎಷ್ಟು ತಪಾಸಣೆ ಆಗಿರಬಹುದು, ಎಷ್ಟು ‘ಸರಿ ಇದೆ’ ಬಿದ್ದಿರಬಹುದು ನೀವೇ ಊಹಿಸಿ.

ನೋಡದೆ ಹೇಳುವ ದೊಡ್ಡವರ ಪರಂಪರೆಯಲ್ಲಿ ನೀವೇನೂ ಮೊದಲಿಗರಲ್ಲ, ಬೇಸರಿಸಬೇಡಿ. ಎಮ್ಮೆ ಹಾಲನ್ನು ಪುಡಿ ಮಾಡಲಿಕ್ಕೆ ಆಗುವುದೇ ಇಲ್ಲ ಎಂದು ಹೊರದೇಶದ ತಜ್ಞರು ಹೇಳಿಬಿಟ್ಟಿದ್ದರು. ಎಚ್. ಎಂ. ದಲಾಯ ಎಂಬವರು ಬಣ್ಣ ಸಿಂಪಡಿಸುವ ಗನ್ನು ತಂದು, ಬಿಸಿಗಾಳಿ ಕೊಟ್ಟು ಮಾಡಿ ತೋರಿಸಿದರು. 1955ರಲ್ಲಿ ಗುಜರಾತಿನ ಆನಂದ್ ಎಂಬಲ್ಲಿ ಎಮ್ಮೆ ಹಾಲನ್ನು ಪುಡಿ ಮಾಡುವ ಕಾರ್ಖಾನೆಯನ್ನು ನೆಹರೂ ಉದ್ಘಾಟಿಸಿದರು. ತಜ್ಞರು ಆಗಲೂ ಊಟಕ್ಕೆ ಬಂದಿದ್ದಿರಬೇಕು.

ಬಿರುಕು ಹುಡುಕುವ ಕ್ರಮವನ್ನು ಹುಡುಗ ನನಗೆ ಅಡುಗೆಮನೆಯ ಕಡಾಯಿಯ ಮೇಲೆ ಮಾಡಿ ತೋರಿಸಿದ. ತಳ ಸೀಳಿದೆಯೆಂದು ಹೆಂಡತಿಗೆ ಅನುಮಾನವಿದ್ದ ಹಳೆ ಸ್ಟೀಲ್ ಕಡಾಯಿ. ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ, ಡಬ್ಬಿಯಿಂದ ಕೆಂಪು ದ್ರವ ಸಿಂಪಡಿಸಿದ. ಹತ್ತು ನಿಮಿಷ ಸುಮ್ಮನೆ ಕೂರಬೇಕಂತೆ, ಚಾ ಕುಡಿದೆವು. ಮತ್ತೆ ಬಟ್ಟೆಯಲ್ಲಿ ಪೂರ್ತಿ ಒರೆಸಿದ, ಕೆಂಪು ಎಂಬುದೇ ಉಳಿಯಲಿಲ್ಲ. ಮೇಲಿಂದ ಬಿಳಿ ಪುಡಿಯ ತೆಳು ಲೇಪ ಹೊಡೆದ. ಮೊದಲು ಏನೂ ಇಲ್ಲ. ನೋಡುತ್ತಾ ಇದ್ದ ಹಾಗೆ ಆ ಬಿಳಿಯ ಮೇಲೆ ಕುಂಕುಮದ ಎಳೆಯ ಹಾಗೆ ಒಂದು ಕೆಂಪು ಗೆರೆ ತಾನಾಗಿ ಮೂಡಿ, ಹಿಡಿಕೆಯ ಬುಡದವರೆಗೆ ಹೋಯಿತು. “ನಾನು ಹೇಳಿರಲಿಲ್ಲವಾ” ಎಂದಳು ಹೆಂಡತಿ. ಅವಳು ಎರಡು ತಿಂಗಳಿಂದ ಹೇಳುತ್ತಿದ್ದಳು, ನಾನು ದೂರದಿಂದಲೇ ನೋಡಿ ‘ಸರಿ ಇದೆ’ ಎನ್ನುತ್ತಿದ್ದೆ. ನಿಮ್ಮ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ.

ಗೋಪುರಕ್ಕೂ ಇದೇ ಕ್ರಮವಂತೆ: ಬೆಸುಗೆ ಬೆಸುಗೆಗೆ, ಬಾಗಿಲ ಸುತ್ತ, ಸುತ್ತಿಗೆ ತಟ್ಟುವ ಜಾಗದಲ್ಲಿ. ಗಾಳಿ, ಬಿಸಿ, ಕರೆಂಟು ಎಲ್ಲ ಬಂದ್ ಮಾಡಿ ಬೀಗ ಹಾಕಿ, ಬೀಗದ ಕೈ ಕಿಸೆಯಲ್ಲಿಟ್ಟುಕೊಂಡು, ಹಗ್ಗ ಕಟ್ಟಿಕೊಂಡು ಒಳಗೆ ಇಳಿಯಬೇಕು. ಮೊಣಕಾಲು ನೋಯುತ್ತದೆ, ಅಂಗಿ ಕೆಡುತ್ತದೆ, ಎರಡು ದಿನ ಹಿಡಿಯುತ್ತದೆ. ಅಷ್ಟು ದಿನ ಕಾರ್ಖಾನೆ ನಿಂತರೆ ಮಾಲೀಕರ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತು. ನಿಮ್ಮ ಕಷ್ಟ ಅರ್ಥವಾಗುತ್ತದೆ.

ಬರುವ ತಿಂಗಳು ನೀವು ಪುನಃ ಬರುತ್ತೀರೆಂದು ಸುದ್ದಿ. ಹೊರಗೆ ಪೈಂಟ್ ಆಗಿದೆಯಂತೆ, ಮೆಟ್ಟಿಲಿಗೂ. ಹುಡುಗ ನಿಮ್ಮ ಅಳತೆಯ ಬಿಳಿ ಕೋಟು, ಕಾಲುಚೀಲ, ಒಂದು ಒಳ್ಳೆಯ ಟಾರ್ಚು ತೆಗೆದಿಟ್ಟಿದ್ದಾನೆ. ಕೆಂಪು ಡಬ್ಬಿ, ಬಿಳಿ ಡಬ್ಬಿ ನನ್ನ ಅಡುಗೆಮನೆಯಲ್ಲಿ ಅರ್ಧರ್ಧ ಉಳಿದಿವೆ, ಬೇಕಾದರೆ ಬಸ್ಸಿನಲ್ಲಿ ಕಳಿಸುತ್ತೇನೆ. ಊಟ ಆ ದಿನ ಸ್ವಲ್ಪ ತಡವಾದೀತು.

ಇತಿ ತಮ್ಮ ವಿಶ್ವಾಸಿ,
ಸುಳ್ಯ ಕಡೆಯ ಒಬ್ಬ ಹಾಲು ಹಾಕುವವ

ವಿ.ಸೂ.: ಇಂದು ಬೆಳಿಗ್ಗೆ ನನ್ನದು 8.4 ಬಂತು. ಮಳೆ ಇರಲಿಲ್ಲ.