ಹೂ ಅರಳಕತ್ತದ, ಬರ್ರಿ!

ಊರಿಗೊಬ್ಬ ಹೂವಿನ ಹುಚ್ಚ ಇದ್ದೇ ಇರುತ್ತಾನೆ. ಮಹಾಗಾಂವದಲ್ಲಿ ಆ ಹುದ್ದೆ ನಮ್ಮ ಓಣಿಯ ಮಾಸ್ತರರದು. ನಿವೃತ್ತಿಯಾದವರು ಪೇಪರ್ ಓದುತ್ತಾರೆ, ಕಟ್ಟೆಯ ಮೇಲೆ ಕೂತು ಸರಕಾರ ಬೀಳಿಸುತ್ತಾರೆ. ಇವರು ಗಿಡ ಹಚ್ಚುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಯಾರದೂ ತಕರಾರಿರಲಿಲ್ಲ. ಹಚ್ಚಿದ ಗಿಡ ಹೂ ಬಿಟ್ಟಿತೆಂದರೆ ಊರೆಲ್ಲ ಬಂದು ನೋಡಬೇಕು, ನೋಡಿದವರು ‘ಭಾರಿ ಆಗ್ಯದರಿ’ ಅನ್ನಬೇಕು, ಅಂದದ್ದು ಮನಸ್ಸಿನಿಂದ ಬಂದಂತೆಯೂ ಕೇಳಿಸಬೇಕು.

ಅವರ ಅಂಗಳದಲ್ಲಿ ನೆಲ ಕಾಣುವುದಿಲ್ಲ. ಬಣ್ಣದ ಡಬ್ಬಿ, ಎಣ್ಣೆ ಕ್ಯಾನು, ಒಡೆದ ಕೊಡ, ಮೊಮ್ಮಗ ಮೀಯುತ್ತಿದ್ದ ಟಬ್ಬು, ಹೀಗೆ ತಳಕ್ಕೆ ತೂತು ಬಿದ್ದದ್ದೆಲ್ಲ ಕುಂಡವೇ. ಗಿಡಗಳಿಗೆ ಕೊಟ್ಟವರ ಹೆಸರು: ತಲಾಟಿ ಗುಲಾಬಿ, ಕಂಡಕ್ಟರ್ ಕಣಗಿಲೆ, ಹುಮನಾಬಾದ ಅಕ್ಕನ ದಾಸವಾಳ. ಕೇಳದೆ ತಂದವಕ್ಕೆ ಹೆಸರಿಲ್ಲ, ಅವೇ ಹೆಚ್ಚು. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ಮಾಸ್ತರರ ಕಿಸೆಯಲ್ಲಿ ಅರ್ಧ ಬ್ಲೇಡು, ಒದ್ದೆ ಕರ್ಚೀಪು ತಪ್ಪುವುದಿಲ್ಲ. ಇದೇ ಮನುಷ್ಯ, ಪೂಜೆಗೆಂದು ಕಂಪೌಂಡಿನ ಮೇಲಿಂದ ಕೈ ಚಾಚುವವರನ್ನು ಹಿಡಿಯಲು ಬೆಳಗಿನ ಜಾವ ಕತ್ತಲಲ್ಲಿ ಕಾದು ಕೂಡುತ್ತಾರೆ. ‘ಕದ್ದ ಹೂ ಲಿಂಗಕ್ಕ ಮುಟ್ಟಂಗಿಲ್ಲ’ ಎಂದು ಗೋಡೆಗೆ ಬರೆಸಿಯೂ ಆಗಿದೆ. ಕದ್ದ ಕಡ್ಡಿಯಿಂದ ಬೆಳೆದ ಹೂ ಮುಟ್ಟುತ್ತದೇನು ಎಂದು ಕೇಳುವ ಧೈರ್ಯ ಊರಲ್ಲಿ ಅವರ ಹೆಂಡತಿಗೊಬ್ಬರಿಗೇ ಇದೆ.

ಅವರ ಹಟವನ್ನು ಮೆಚ್ಚಲೇಬೇಕು. ನಮ್ಮದು ಎರಿ ಮಣ್ಣು. ತೊಗರಿಗೆ ಹೇಳಿ ಮಾಡಿಸಿದ್ದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಹೂಗಿಡಕ್ಕೆ ಮಾತ್ರ ಇದು ಮಲತಾಯಿ. ಮಳೆಗಾಲದಲ್ಲಿ ಉಬ್ಬಿ, ನೀರು ಹಿಡಿದು ಬೇರು ಕೊಳೆಸುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿದು ಅದೇ ಬೇರನ್ನು ಹರಿಯುತ್ತದೆ. ಉಸುಕು, ಗರಸು, ತಿಪ್ಪೆಗೊಬ್ಬರ ಕಲಸಿ ಕಲಸಿ ಮಾಸ್ತರರ ಉಗುರು ಕಪ್ಪಾಗಿಯೇ ಉಳಿದಿವೆ. ಒಂದು ಆಗಸ್ಟಿನಲ್ಲಿ ಬೆಂಗಳೂರಿನ ಮಗ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ತೋರಿಸಿ ಕಳಿಸಿದ. 1889ರ ಗಾಜಿನ ಮನೆಯನ್ನು ಹೊಗಳಿದರು, ಹೂವನ್ನಲ್ಲ. “ಕೆಂಪು ಮಣ್ಣು, ತಂಪು ಹವಾ. ಅಲ್ಲಿ ಕೋಲು ನೆಟ್ಟರೂ ಹೂ ಬಿಡ್ತದ. ಮೇ ತಿಂಗಳದಾಗ ಮಹಾಗಾಂವಕ್ಕ ಬಂದು ಒಂದು ಸೇವಂತಿಗಿ ಉಳಿಸಿ ತೋರಸ್ಲಿ ನೋಡಾಮು!” ತಾಂಡೂರಿನ ಬೀಗರ ಮನೆಯಲ್ಲಿ ಕಂಡ ಬತುಕಮ್ಮ ಹಬ್ಬ ಅವರಿಗೆ ಹೆಚ್ಚು ಹಿಡಿಸಿತು. ಹೊಲದ ಬದುವಿನ ತಂಗಡಿ ಹೂವನ್ನು ಹೆಣ್ಣುಮಕ್ಕಳು ಗೋಪುರದಂತೆ ಒಟ್ಟಿ ಒಂಬತ್ತು ದಿನ ಸುತ್ತಲೂ ಹಾಡುತ್ತಾರಲ್ಲ, ಅದು. ತೆಲಂಗಾಣ ಅದನ್ನು 2014ರಲ್ಲಿ ರಾಜ್ಯದ ಹಬ್ಬ ಮಾಡಿತು. ಅದೇ ಗಿಡ ನಮ್ಮ ಕಡೆ ಆಡೂ ಮೂಸದೆ ನಿಂತಿರುತ್ತದೆ ಎನ್ನುವುದು ಮಾಸ್ತರರ ಹಳೇ ದುಃಖ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಬ್ರಹ್ಮಕಮಲ.

ಅದು ಅರಳುವುದು ರಾತ್ರಿ. ಬೆಳಗಾಗುವುದರೊಳಗೆ ಕತ್ತು ಬಾಗಿ ಮುದುಡಿ ಹೋಗುತ್ತದೆ. ಹಾಗಾಗಿ ಆಷಾಢ ಹಿಡಿಯಿತೆಂದರೆ ನಮ್ಮ ಓಣಿಗೆ ನಿದ್ದೆಯಿಲ್ಲ. ಮುಂಜಾನೆಯೇ ಸುದ್ದಿ: “ಮೊಗ್ಗಿ ಮುಖ ಮ್ಯಾಲೆತ್ಯಾದ.” ರಾತ್ರಿ ಒಂಬತ್ತಕ್ಕೆ ಫೋನು: “ಇನ್ನಾ ಅರಳಿಲ್ಲ, ಆದ್ರೂ ಬಾ.” ನಾನು ಜಾಣತನದಿಂದ ಎತ್ತದಿದ್ದರೆ ಹತ್ತೂವರೆಗೆ ಬಾಗಿಲೇ ಬಡಿಯುತ್ತದೆ: “ಮಲ್ಕೊಂಡಿ ಏನು ತಮ್ಮಾ? ಹೂ ಅರಳಕತ್ತದ. ನಾಳಿಗಿ ಬೇಕಂದ್ರ ಸಿಗಂಗಿಲ್ಲ.”

ಹೋದರೆ ಅಂಗಳದಲ್ಲಿ ಜಮಖಾನ ಹಾಸಿದೆ. ಚುಡವಾ, ಚಹಾ ತಿರುಗುತ್ತಿವೆ. ಹೆಣ್ಣುಮಕ್ಕಳು ಆರತಿ ತಟ್ಟೆ, ಕಾಯಿ, ಅರಿಶಿಣ-ಕುಂಕುಮ ಹಿಡಿದು ಬಂದಿದ್ದಾರೆ. ಹುಡುಗರು ಮೊಬೈಲು ಹಿಡಿದು ನಿಂತಿದ್ದಾರೆ. ಮಾಸ್ತರರು ಮೊಗ್ಗಿನ ಪಕ್ಕ ಕುರ್ಚಿ ಹಾಕಿ, ಪರೀಕ್ಷೆ ಕೋಣೆಯ ಗತ್ತಿನಲ್ಲಿ, “ಯಾರೂ ಮುಟ್ಟಬ್ಯಾಡ್ರಿ, ಉಸಿರು ಬಿಡಬ್ಯಾಡ್ರಿ” ಎನ್ನುತ್ತಿದ್ದಾರೆ. ಆ ಗದ್ದಲದಲ್ಲಿ ಹೂವಿನ ವಾಸನೆಗಿಂತ ಮೊದಲು ಊದಿನಕಡ್ಡಿಯದು ಬರುತ್ತದೆ.

ನಿದ್ದೆಗೆಟ್ಟ ಸಿಟ್ಟಿಗೆ ಒಂದು ರಾತ್ರಿ ನಾನು ಎಲ್ಲರೆದುರು ಪಾಂಡಿತ್ಯ ತೆಗೆದೆ. “ಸರ್, ಇದು ಬ್ರಹ್ಮಕಮಲ ಅಲ್ರಿ. ಮೆಕ್ಸಿಕೋ ಕಡೆಯ ಕಳ್ಳಿ ಜಾತಿ. ನೀವು ಎಲಿ ಅಂತೀರಲ್ಲ, ಅದೂ ಎಲಿ ಅಲ್ಲ, ಚಪ್ಪಟೆ ಕಾಂಡ. ಖರೇ ಬ್ರಹ್ಮಕಮಲ ಹಿಮಾಲಯದಾಗ ಮೂರು ಸಾವಿರ ಮೀಟರ್ ಮೇಲೆ ಬೆಳೀತದ. ಉತ್ತರಾಖಂಡದ ರಾಜ್ಯ ಹೂ ಅದು.”

ಆರತಿ ಹಿಡಿದವರ ಕೈ ಅಲ್ಲೇ ನಿಂತಿತು. ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು.

“ಮೆಣಸಿನಕಾಯಿ ಎಲ್ಲಿಂದ ಬಂತು ತಮ್ಮಾ?”

“ಅದೂ... ಮೆಕ್ಸಿಕೋ ಕಡೆಯಿಂದೇ.”

“ಶೇಂಗಾ?”

“ದಕ್ಷಿಣ ಅಮೆರಿಕಾ.”

“ದೀಪಾವಳಿಗಿ ಬಾಗಿಲಿಗಿ ಕಟ್ಟತೀಯಲ್ಲ, ಆ ಚೆಂಡು ಹೂ?”

ಅದೂ ಮೆಕ್ಸಿಕೋದ್ದೇ. ನಾನು ಸುಮ್ಮನಾದೆ.

“ನಾಳಿಂದ ಶೇಂಗಾ ಹಿಂಡಿ ಬಿಡು. ಆಮ್ಯಾಗ ನನ್ನ ಹೂವಿನ ಕುಲ ಕೇಳಾಕ ಬಾ.” ಬಸವಣ್ಣನ ನಾಡಿನಲ್ಲಿ ಕುಲ ಕೇಳಿದ್ದಕ್ಕೆ ಆದ ಶಾಸ್ತಿ. ಆರತಿ ಮುಂದುವರಿಯಿತು.

ಶಿಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಒಂದು ಎಲೆ (ಕಾಂಡ ಅನ್ನುವ ಧೈರ್ಯ ಈಗಿಲ್ಲ) ತಂದು ನನ್ನ ಕೈಗಿಟ್ಟರು. ಕೊಟ್ಟ ಮೇಲೆ, ಮಗಳನ್ನು ದೂರದೂರಿಗೆ ಕೊಟ್ಟ ತಂದೆಯಂತೆ ವಿಚಾರಿಸಿದ್ದೇ ವಿಚಾರಿಸಿದ್ದು. “ಹ್ಯಾಂಗ ಅದಾಳ? ನೀರು ಹೆಚ್ಚು ಹಾಕ್ಬ್ಯಾಡ. ಬಿಸಲಿಗಿ ಇಡಬ್ಯಾಡ.” ನನ್ನ ಕೈಗುಣಕ್ಕೆ ತುಳಸಿಯೇ ಬದುಕಿದ್ದಿಲ್ಲ. ಅದು ಕೊಳೆತಾಗ ಅವರಿಗೆ ತಿಳಿಯದಂತೆ ಅವರ ಹೆಂಡತಿಯಿಂದಲೇ ಇನ್ನೊಂದು ಎಲೆ ಇಸಿದುಕೊಂಡು ಬಂದೆ.

ಆದರೆ ಆ ಜಮಖಾನದ ಮೇಲೆ ಕೂತಾಗಲೆಲ್ಲ ಒಂದು ಕಣ್ಣಿಗೆ ಬೀಳುತ್ತದೆ. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ತಟ್ಟೆಯ ಚುಡವಾಕ್ಕೆ ಕೈ ಹಾಕುತ್ತಾರೆ. ದರ್ಜಿ ಚಾಚಾ ಉರುಸಿನ ಸಕ್ಕರೆ ತಂದಿರುತ್ತಾರೆ. ಅತ್ತೆ-ಸೊಸೆ ಒಟ್ಟಿಗೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಾಸ್ತರರು ಮಾತ್ರ ಬೆಂಗಳೂರಿನ ಮಗನಿಗೆ ವಿಡಿಯೊ ಕಾಲ್ ಹಚ್ಚಿ, ಫೋನನ್ನು ಹೂವಿನ ಹತ್ತಿರ ಹಿಡಿದು, “ಕಾಣಸ್ತದೇನೋ?” ಎನ್ನುತ್ತಾರೆ. ಆ ಕತ್ತಲಲ್ಲಿ ಆ ಫೋನಿಗೆ ಏನೂ ಕಾಣಿಸುವುದಿಲ್ಲ. ಮಗ ಮಾತ್ರ ಪ್ರತಿ ವರ್ಷವೂ “ಭಾರಿ ಆಗ್ಯದಪ್ಪಾ” ಎನ್ನುತ್ತಾನೆ. ನಮ್ಮ ಓಣಿಯಲ್ಲೂ ಈಗ ಅಂಗಳಗಳಿಗೆ ಸಿಮೆಂಟು ಬಿದ್ದಿದೆ, ಬಾಗಿಲಿಗೆ ಪ್ಲಾಸ್ಟಿಕ್ ತೋರಣ ಬಂದಿದೆ. ತೊಳೆದರೆ ಮತ್ತೆ ಹೊಸದು, ರಾತ್ರಿ ಯಾರನ್ನೂ ಎಬ್ಬಿಸುವುದಿಲ್ಲ. ಅದನ್ನು ನೋಡಲು ಯಾರೂ ಬರುವುದೂ ಇಲ್ಲ.

ಮಳೆಗಾಲದಲ್ಲಿ ಯಾರಾದರೂ ಮಹಾಗಾಂವ ಕ್ರಾಸಿನಲ್ಲಿ ಇಳಿದರೆ ಊರೊಳಗೆ ಬಂದು ಮಾಸ್ತರರ ಮನೆ ಕೇಳಿ, ಕುರುಡರೂ ತೋರಿಸುತ್ತಾರೆ. ಊಟ ಮಾಡಿಕೊಂಡು ಬನ್ನಿ. ಹೂ ಅರಳುವುದು ತಡವಾಗುತ್ತದೆ. ಎಲೆ ಕೊಡುತ್ತಾರೆ, ತೆಗೆದುಕೊಳ್ಳಿ. ಫೋನ್ ನಂಬರ್ ಕೇಳುತ್ತಾರೆ, ಕೊಡಬೇಡಿ.